ಟ್ಯಾನರಿ ಕೆಲಸಗಾರರ ಸುರಕ್ಷತಾ ತರಬೇತಿ: ಮೂರು ದಿನ ಕೂತು ಬಂದವನ ಮಾತು

ಮೊದಲೇ ಹೇಳಿಬಿಡುತ್ತೇನೆ, ಈ ತರಬೇತಿಗೆ ನಾನು ಇಷ್ಟಪಟ್ಟು ಹೋದವನಲ್ಲ. ನಮ್ಮದು ಟ್ಯಾನರಿ, ಅಂದರೆ ಚರ್ಮ ಹದ ಮಾಡುವ ಕಾರ್ಖಾನೆ. ನಮ್ಮಲ್ಲಿ ಚರ್ಮ ಕೊಳ್ಳುವ ಕಂಪನಿಯವರು ತಪಾಸಣೆಗೆ ಬರುವವರಿದ್ದರು. ಅಷ್ಟರೊಳಗೆ ಒಂದು ಸರ್ಟಿಫಿಕೇಟ್ ಗೋಡೆ ಮೇಲೆ ಇರಬೇಕಿತ್ತು. ಮ್ಯಾನೇಜರ್ ಬಂದು ಹೆಸರು ಬರೆದುಕೊಂಡು ಹೋದರು, ಅಷ್ಟೇ. 19 ವರ್ಷದಿಂದ ಸುಣ್ಣದ ವಿಭಾಗದಲ್ಲಿದ್ದೇನೆ. ಉಪ್ಪು ಹಾಕಿದ ಹಸಿ ಚರ್ಮ ಲಾರಿಯಿಂದ ಇಳಿದಲ್ಲಿಂದ ಹಿಡಿದು, ತೊಳೆದು, ಕೂದಲು ತೆಗೆದು, ಕ್ರೋಮ್ ಉಪ್ಪಿನಲ್ಲಿ ಹದ ಮಾಡುವ ತಿರುಗು ಪೀಪಾಯಿಗೆ, ಅಂದರೆ ಕ್ರೋಮ್ ಡ್ರಮ್ಮಿಗೆ ಹೋಗುವ ತನಕ ಎಲ್ಲ ನಮ್ಮದೇ ಕೆಲಸ. ಈಗ ಎರಡನೇ ಪಾಳಿಗೆ ಮೇಸ್ತ್ರಿ. ‘ನನಗೇನು ಕಲಿಸ್ತಾರೆ’ ಅನ್ನುವ ಗತ್ತು ಇತ್ತು, ಸುಳ್ಳು ಹೇಳಲ್ಲ.

ಸಂಸ್ಥೆಯ ಹೆಸರು ಬರೆಯುವುದಿಲ್ಲ. ಹೊಗಳಿದರೆ ಜಾಹೀರಾತು ಅಂತೀರಿ, ಬೈದರೆ ನನಗೆ ಫೋನ್ ಬರುತ್ತದೆ. ನಿಮ್ಮ ಟ್ಯಾನರಿಗೆ ಇಂಥದ್ದೊಂದು ತರಬೇತಿ ಕರೆಸುವ ಯೋಚನೆ ಇದ್ದರೆ ಏನು ನೋಡಬೇಕು, ಏನು ಕೇಳಬೇಕು ಅಂತ ಗೊತ್ತಾದರೆ ಸಾಕು.

ಒಂದು ಬ್ಯಾಚಿಗೆ 22 ಜನ, ಮೂರು ದಿನ. ಇಬ್ಬರು ತರಬೇತುದಾರರು. ಒಬ್ಬರು ಮೇಡಂ, ಹಿಂದೆ ಟ್ಯಾನರಿಯಲ್ಲೇ ಕೆಮಿಸ್ಟ್ ಆಗಿದ್ದವರು. ಇನ್ನೊಬ್ಬ ಹುಡುಗ, ಯಂತ್ರಗಳ ಭಾಗ ಅವನದು.

ಮೊದಲ ದಿನ ಬೆಳಿಗ್ಗೆ ಪೂರ್ತಿ ದಂಡ. ಮೀಟಿಂಗ್ ಹಾಲಿನಲ್ಲಿ ಪರದೆ ಹಾಕಿ ಸ್ಲೈಡ್ ತೋರಿಸಿದರು. ಅಕ್ಷರ ಇರುವೆ ಗಾತ್ರ, ಅದೂ ಇಂಗ್ಲಿಷಿನಲ್ಲಿ. ಹಿಂದಿನ ಸಾಲಿನಲ್ಲಿ ಇಬ್ಬರು ನಿದ್ದೆ ಹೊಡೆದರು, ಅವರ ಮೇಲೆ ತಪ್ಪಿಲ್ಲ. ರಾತ್ರಿ ಪಾಳಿ ಮುಗಿಸಿ ಹಾಗೇ ಬಂದಿದ್ದರು. ಮಧ್ಯಾಹ್ನದ ಹೊತ್ತಿಗೆ ಮೇಡಂಗೇ ಬೇಜಾರಾಯ್ತೋ ಏನೋ, ಲ್ಯಾಪ್‌ಟಾಪ್ ಮುಚ್ಚಿ, ‘ನಡೀರಿ ಒಳಗೆ ಹೋಗೋಣ’ ಅಂದರು. ತರಬೇತಿ ನಿಜವಾಗಿ ಶುರುವಾಗಿದ್ದು ಆಗ.

ಸುಣ್ಣದ ವಿಭಾಗದ ಬಾಗಿಲಲ್ಲಿ ಒಬ್ಬೊಬ್ಬರಿಗೂ ಒಂದು ಚೀಟಿ ಕೊಟ್ಟರು. ‘ಇಲ್ಲಿ ವಾಸನೆ ಎಷ್ಟಿದೆ? ಹತ್ತಕ್ಕೆ ಎಷ್ಟು ಅಂಕ ಕೊಡ್ತೀರಿ, ಬರೀರಿ.’ ಕೊಳೆತ ಮೊಟ್ಟೆಯ ವಾಸನೆ ನಮ್ಮ ವಿಭಾಗದ ಗುರುತು. ನಾನು 6 ಬರೆದೆ. ಫಿನಿಷಿಂಗ್ ವಿಭಾಗದಿಂದ ಬಂದ ಹೆಂಗಸರು ಮೂಗು ಮುಚ್ಚಿಕೊಂಡು 9, 10 ಬರೆದರು. ಮೇಡಂ ಸೊಂಟದಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದೊಂದು ಗ್ಯಾಸ್ ಅಳೆಯುವ ಮೀಟರ್ ಇತ್ತು. ಅದರಲ್ಲಿ ಬಂದ ಸಂಖ್ಯೆಯನ್ನು ನಮಗೆ ಕಾಣದ ಹಾಗೆ ಬರೆದುಕೊಂಡರು. ಆಮೇಲೆ ಅರ್ಧ ಗಂಟೆ ಅಲ್ಲೇ ನಿಂತು ಕೆಮಿಕಲ್ ಚೀಲಗಳ ಮೇಲಿನ ಅಪಾಯದ ಚಿತ್ರಗಳ ಬಗ್ಗೆ ಮಾತಾಡಿ, ಇನ್ನೊಂದು ಚೀಟಿ ಕೊಟ್ಟರು. ಈಗ ಎಷ್ಟು? ನಾನು 2 ಬರೆದೆ. 10 ಕೊಟ್ಟಿದ್ದ ಹೆಂಗಸರು 3, 4ಕ್ಕೆ ಇಳಿದಿದ್ದರು. ಮೀಟರ್ ತಿರುಗಿಸಿ ತೋರಿಸಿದರು. ಒಳಗೆ ಬಂದಾಗ 3 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ಗಾಳಿಗೆ 3 ಭಾಗ ಗ್ಯಾಸ್. ಈಗಲೂ 3.

ಕಮ್ಮಿಯಾಗಿದ್ದು ಗ್ಯಾಸ್ ಅಲ್ಲ, ಮೂಗು.

ಒಂದು ನಿಮಿಷ ನನಗೆ ಮಾತೇ ಹೊರಡಲಿಲ್ಲ. ಯಾಕೆಂದರೆ ಇಷ್ಟು ವರ್ಷ ನಾನು ನಂಬಿದ್ದು ನನ್ನ ಮೂಗನ್ನು. ಹೊಸ ಹುಡುಗರಿಗೆ ಹೇಳಿಕೊಟ್ಟಿದ್ದೂ ಅದನ್ನೇ: ‘ವಾಸನೆ ಜಾಸ್ತಿ ಬಂದ್ರೆ ಹೊರಗೆ ಬಾ, ಕಮ್ಮಿಯಾದ್ಮೇಲೆ ಹೋಗು.’ ಮೇಡಂ ಮುಂದಕ್ಕೆ ಹೇಳಿದ್ದು ಇನ್ನೂ ಕೆಟ್ಟದಾಗಿತ್ತು. ಆ ಕೊಳೆತ ಮೊಟ್ಟೆ ವಾಸನೆಯ ಗ್ಯಾಸ್, ಹೈಡ್ರೋಜನ್ ಸಲ್ಫೈಡ್, 100 ಪಿಪಿಎಂ ಮುಟ್ಟಿದರೆ ಕೆಲವೇ ನಿಮಿಷದಲ್ಲಿ ಮೂಗು ಪೂರ್ತಿ ಸತ್ತುಹೋಗುತ್ತದೆ. ಒಂದು ಚೂರೂ ವಾಸನೆ ಇರುವುದಿಲ್ಲ. ಐನೂರು ಆರುನೂರು ದಾಟಿದರೆ ಮನುಷ್ಯ ನಿಂತಲ್ಲೇ ಕುಸಿಯಬಹುದು. ಅಂದರೆ ಗ್ಯಾಸ್ ಅತಿ ಜಾಸ್ತಿ ಇರುವ ಜಾಗವೇ ಮೂಗಿಗೆ ಎಲ್ಲಕ್ಕಿಂತ ಶುದ್ಧವಾಗಿ ಕಾಣುತ್ತದೆ.

ಮರುದಿನ ಕೊಳಚೆ ನೀರಿನ ಗುಂಡಿಗೆ ಕರೆದುಕೊಂಡು ಹೋದರು. ಗಾಳಿ ನಮ್ಮ ಬೆನ್ನಿಗೆ ಬೀಸುವ ಹಾಗೆ ದೂರದಲ್ಲಿ ನಿಲ್ಲಿಸಿ, ಮೀಟರನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ಮೇಲೆತ್ತಿದಾಗ ಅದು ಕಂಡ ಅತಿ ಹೆಚ್ಚಿನ ಸಂಖ್ಯೆಯನ್ನು ತೋರಿಸುತ್ತದೆ. ಮುಚ್ಚಳದ ಹತ್ತಿರ 4. ಎದೆಯುದ್ದ ಇಳಿಸಿದಾಗ 30ರ ಮೇಲೆ. ಈ ಗ್ಯಾಸ್ ಗಾಳಿಗಿಂತ ಸುಮಾರು 1.2 ಪಟ್ಟು ಭಾರ, ಅದಕ್ಕೇ ತಗ್ಗಿನಲ್ಲಿ ಕೂರುತ್ತದೆ. ಆಮೇಲೆ ಮುಖವಾಡ ಮತ್ತು ಬೆನ್ನಿಗೆ ಗಾಳಿಯ ಸಿಲಿಂಡರ್ ಹಾಕಿಕೊಂಡಿದ್ದ ಅವರ ಸಹಾಯಕ ಉದ್ದನೆ ಗಳದಿಂದ ತಳದ ಕೆಸರನ್ನು ನಾಲ್ಕು ಸಲ ಕಲಕಿದ. ಮೀಟರ್ ಕಿರುಚಿಕೊಂಡಿತು. ಎತ್ತಿ ನೋಡಿದರೆ ಮೂರು ಅಂಕಿ. ರಜೆ ಮುಗಿದ ಮರುದಿನ ಆ ಕೆಸರನ್ನು ಕಲಕಿ ಬಳಿಯಲು ನಾವು ಜನ ಇಳಿಸುತ್ತಿದ್ದೆವು. ಮೂಗಿಗೆ ಬಟ್ಟೆ ಕಟ್ಟಿಸಿ. ಆ ಬಟ್ಟೆ ಈ ಗ್ಯಾಸನ್ನು ಒಂದಿಷ್ಟೂ ತಡೆಯುವುದಿಲ್ಲ. ಧೂಳಿನ ಮಾಸ್ಕೂ ತಡೆಯುವುದಿಲ್ಲ.

ಮೊದಲು ಇಳಿದವನು ಬಿದ್ದರೆ ಅವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಅವನ ಹಿಂದೆ ಮತ್ತೊಬ್ಬ. ಟ್ಯಾನರಿ ಸಾವುಗಳಲ್ಲಿ ಈ ಸಾಲು ಮತ್ತೆ ಮತ್ತೆ ಕಾಣುತ್ತದೆ ಅಂದರು ಮೇಡಂ. ‘ನಿಮ್ಮ ಸ್ನೇಹಿತ ಬಿದ್ದಿದ್ದಾನೆ, ಮೊದಲು ಏನು ಮಾಡ್ತೀರಿ?’ ಅಂತ ನಮ್ಮಲ್ಲೊಬ್ಬನನ್ನು ಕೇಳಿದರು. ‘ಇಳಿದು ಎತ್ತುತೀನಿ ಮೇಡಂ.’ ‘ಹಾಗಾದ್ರೆ ಎರಡು ಹೆಣ’ ಅಂದರು, ನಗದೆ. ಇಳಿಯುವ ಮುಂಚೆಯೇ ಎದೆ, ಭುಜ, ತೊಡೆ ಎಲ್ಲ ಹಿಡಿಯುವ ಪಟ್ಟಿ, ಅದಕ್ಕೆ ಹಗ್ಗ, ಮೇಲೆ ಮೂರು ಕಾಲಿನ ಸ್ಟ್ಯಾಂಡು ಮತ್ತು ರಾಟೆ. ಮೇಲಿನಿಂದಲೇ ಎಳೆಯಬೇಕು. ಇವು ಇಲ್ಲದಿದ್ದರೆ ಇಳಿಯುವ ಮಾತೇ ಇಲ್ಲ.

ಗ್ಯಾಸ್ ಎಲ್ಲಿಂದ ಹುಟ್ಟುತ್ತದೆ ಅನ್ನುವುದನ್ನು ಅವರು ಹೇಳಿಕೊಟ್ಟ ರೀತಿ ನನಗೆ ತುಂಬ ಹಿಡಿಸಿತು. ಕೂದಲು ತೆಗೆಯಲು ಸುಣ್ಣದ ಜೊತೆ ಸೋಡಿಯಂ ಸಲ್ಫೈಡ್ ಹಾಕುತ್ತೇವೆ. ಆಗ ಡ್ರಮ್ಮಿನೊಳಗೆ ಪಿಎಚ್ (ಸುಣ್ಣದಂಥ ಕ್ಷಾರಕ್ಕೆ ಏರುವ, ಆಸಿಡ್‌ಗೆ ಇಳಿಯುವ ಅಳತೆ) 12ರ ಆಸುಪಾಸು ಇರುತ್ತದೆ. ಅಷ್ಟು ಇರುವ ತನಕ ಸಲ್ಫೈಡ್ ನೀರಿನಲ್ಲೇ ಕಟ್ಟುಬಿದ್ದಿರುತ್ತದೆ. ಪಿಎಚ್ 9ರಿಂದ ಕೆಳಗೆ ಇಳಿಯುತ್ತಾ ಹೋದ ಹಾಗೆ ಗ್ಯಾಸ್ ಜಾಸ್ತಿಯಾಗುತ್ತದೆ. 7ಕ್ಕೆ ಬಂದರೆ ಸುಮಾರು ಅರ್ಧ ಭಾಗ ಗ್ಯಾಸ್ ರೂಪಕ್ಕೆ ತಿರುಗಿರುತ್ತದೆ. ಸುಣ್ಣ ಬಿಡಿಸಲು ಅಮೋನಿಯಂ ಸಲ್ಫೇಟ್ ಹಾಕುತ್ತೇವಲ್ಲ, ಆಗ ಪಿಎಚ್ ಇಳಿಯುತ್ತದೆ. ಆ ಹೊತ್ತಿಗೇ ಡ್ರಮ್ ನಿಲ್ಲಿಸಿ, ಬಾಗಿಲು ತೆಗೆದು, ತಲೆ ಒಳಗೆ ಹಾಕಿ ಚರ್ಮ ಕೊಯ್ದು ನೋಡುವುದು ನನ್ನ ಅಭ್ಯಾಸ. ಹೇಗೆ ಬದುಕಿದ್ದೇನೋ.

ಇಷ್ಟಾದ ಮೇಲೆ ನಮ್ಮ ಕೈಗೆ ಸೀಮೆಸುಣ್ಣ ಕೊಟ್ಟರು. ಸುಣ್ಣದ ಡ್ರಮ್ಮುಗಳಿಂದ ಹೊರಟ ಚರಂಡಿಗೆ ಬಿಳಿ ಗೆರೆ, ಆಸಿಡ್ ಹಾಕುವ ಪಿಕಲ್ ಡ್ರಮ್ಮು ಮತ್ತು ಕ್ರೋಮ್ ಡ್ರಮ್ಮುಗಳ ಚರಂಡಿಗೆ ಕೆಂಪು ಗೆರೆ. ಎಳೆಯುತ್ತಾ ನಡೆಯಿರಿ ಅಂದರು. ದೊಡ್ಡವರೆಲ್ಲ ಬಗ್ಗಿಕೊಂಡು ಗೆರೆ ಎಳೆಯುವುದನ್ನು ನೋಡಿ ಲೋಡಿಂಗ್ ಹುಡುಗರು ನಕ್ಕಿದ್ದೇ ನಕ್ಕಿದ್ದು. ನಾಲ್ಕನೇ ಡ್ರಮ್ಮಿನ ಹಿಂದೆ ಎರಡೂ ಗೆರೆ ಒಂದಕ್ಕೊಂದು ಸೇರಿದವು. ಸುಣ್ಣ ಸಲ್ಫೈಡಿನ ನೀರಿಗೆ ಆಸಿಡ್ ನೀರು ಬೆರೆಯುವ ಜಾಗ. ತೆರೆದ ಚರಂಡಿಯೇ ಗ್ಯಾಸ್ ತಯಾರಿಸುವ ಪಾತ್ರೆ ಆಗಿತ್ತು. ಅದರ ಪಕ್ಕದಲ್ಲೇ ನಾವು ಬಿಡುವಿನ ಹೊತ್ತಿಗೆ ಕೂರುವ ಕಲ್ಲು. ‘ಮಧ್ಯಾಹ್ನದ ಮೇಲೆ ಅಲ್ಲಿ ಕೂತ್ರೆ ತಲೆ ನೋಯುತ್ತೆ’ ಅಂತ ನಾವೆಲ್ಲ ಹೇಳುತ್ತಿದ್ದೆವು. ಬಿಸಿಲಿಗೆ ಇರಬೇಕು ಅಂದುಕೊಂಡಿದ್ದೆವು.

ಇದೊಂದಕ್ಕೇ ಐದಕ್ಕೆ ಐದು ಕೊಡಬಹುದಿತ್ತು. ಉಳಿದದ್ದೂ ಹೇಳಬೇಕಲ್ಲ.

ಕೈಗವಸಿನ ಪಾಠ ಚೆನ್ನಾಗಿತ್ತು. ನನ್ನ ಬಲ ಮೊಣಕೈ ಕೆಳಗೆ ಉದ್ದಕ್ಕೊಂದು ಗಾಯದ ಕಲೆ ಇದೆ. ಹಲವು ವರ್ಷದ ಹಿಂದೆ ಫಾರ್ಮಿಕ್ ಆಸಿಡ್ ಡಬ್ಬ ಎತ್ತಿ ಸುರಿಯುವಾಗ ಕೈಗವಸಿನ ಮೇಲೆ ಬಿದ್ದದ್ದು, ಕೈ ಎತ್ತಿದ ಕೂಡಲೇ ಒಳಗೆ ಇಳಿದು ಹರಿದಿತ್ತು. ಕೈಗವಸು ಹಾಕಿದ್ದೆ ಸಾರ್ ಅಂತ ಆಗ ಎಲ್ಲರಿಗೂ ಹೇಳಿದ್ದೆ. ಮೇಡಂ ಆ ಕಲೆ ನೋಡಿ, ‘ಬಾಯಿ ಮಡಚಿರಲಿಲ್ಲ ಅಲ್ವಾ?’ ಅಂತ ಕೇಳಿದರು. ಕೈ ಮೇಲಕ್ಕೆತ್ತುವ ಕೆಲಸಕ್ಕೆ ಕೈಗವಸಿನ ಬಾಯನ್ನು ಎರಡು ಬೆರಳಷ್ಟು ಹೊರಗೆ ಮಡಚಬೇಕು. ಇಳಿದು ಬಂದ ಹನಿ ಆ ಮಡಿಕೆಯಲ್ಲಿ ನಿಲ್ಲುತ್ತದೆ. ಬೂಟಿಗೂ ಇದೇ ತರಹದ ಲೆಕ್ಕ: ಪ್ಯಾಂಟು ಬೂಟಿನ ಒಳಗಲ್ಲ, ಹೊರಗೆ. ನಾವೆಲ್ಲ ಒಳಗೆ ತೂರಿಸಿ ‘ನೀಟಾಗಿ’ ಇರುತ್ತಿದ್ದೆವು.

ಬಿಚ್ಚುವುದಕ್ಕೂ ಒಂದು ಪರೀಕ್ಷೆ ಮಾಡಿದರು. ನಮ್ಮದೇ ಡೈ ಹೌಸಿನಿಂದ ನೀಲಿ ಬಣ್ಣದ ಪುಡಿ ತಂದು ಎಲ್ಲರ ಕೈಗವಸಿಗೂ ಸವರಿ, ಈಗ ಬಿಚ್ಚಿ ಕೈ ತೋರಿಸಿ ಅಂದರು. 22 ಜನರಲ್ಲಿ ನೀಲಿ ಇಲ್ಲದ ಕೈ ನಾಲ್ಕೇ ಜನರದ್ದು. ಒಬ್ಬನ ಮೂಗಿನ ತುದಿಯೂ ನೀಲಿ, ಮಧ್ಯದಲ್ಲಿ ಕೆರೆದುಕೊಂಡಿದ್ದ. ಆ ಪುಡಿಯ ಜಾಗದಲ್ಲಿ ಕ್ರೋಮ್ ಇದ್ದಿದ್ದರೆ ಅಂತ ಯೋಚನೆ ಮಾಡಿ ಅಂದರು. ನಾವು ಬಳಸುವುದು ಮೂರು ವೇಲೆನ್ಸಿಯ ಕ್ರೋಮ್, ಕ್ಯಾನ್ಸರ್ ತರುವ ಆರು ವೇಲೆನ್ಸಿಯದಲ್ಲ. ಆದರೂ ವರ್ಷಗಟ್ಟಲೆ ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಕೆರಳಿ ಕಜ್ಜಿ ಏಳುತ್ತದೆ. ಹದ ತಪ್ಪಿದರೆ ತಯಾರಾದ ಚರ್ಮದಲ್ಲೂ ಆ ಆರು ವೇಲೆನ್ಸಿಯದು ಹುಟ್ಟಬಹುದು. ಅದಕ್ಕೇ ಯುರೋಪಿನಲ್ಲಿ 2015ರಿಂದ ಮೈಗೆ ತಾಗುವ ಚರ್ಮದ ಸಾಮಾನಿಗೆ ಕಿಲೋಗೆ 3 ಮಿಲಿಗ್ರಾಂ ಅಂತ ಮಿತಿ. ಕೊಳ್ಳುವವರು ಈ ಸಂಖ್ಯೆಯನ್ನು ಎಷ್ಟು ಚೆನ್ನಾಗಿ ಬಾಯಿಪಾಠ ಮಾಡಿರುತ್ತಾರೆ ಅಂದರೆ, ಮುಟ್ಟುವ ಕೈಯ ಬಗ್ಗೆಯೂ ಅಷ್ಟೇ ಕೇಳಿದ್ದರೆ ಚೆನ್ನಾಗಿತ್ತು ಅನಿಸುತ್ತದೆ.

ತಂದ ಕೈಗವಸುಗಳ ಬಗ್ಗೆ ಮಾತ್ರ ದೂರು ಇದೆ. ನೈಟ್ರೈಲ್ ರಬ್ಬರಿನವು, ಒಳ್ಳೆಯ ಮಾಲು. ಆದರೆ ಎಲ್ಲವೂ ಒಂದೇ ಅಳತೆ. ಫಿನಿಷಿಂಗಿನ ಹೆಂಗಸರ ಬೆರಳಿನ ತುದಿಯಲ್ಲಿ ಅರ್ಧ ಇಂಚು ಖಾಲಿ ನೇತಾಡುತ್ತಿತ್ತು. ಅಂಥದ್ದನ್ನು ಹಾಕಿಕೊಂಡು ರೋಲರ್ ಹತ್ತಿರ ಹೋಗುವುದಕ್ಕಿಂತ ಬರಿಗೈ ವಾಸಿ ಅಂದಳು ಒಬ್ಬಳು. ಅವಳು ಹೇಳಿದ್ದು ಸರಿ. ರೋಲರಿಗೆ ಮೊದಲು ಸಿಗುವುದೇ ಆ ಖಾಲಿ ತುದಿ.

ಕಣ್ಣು ತೊಳೆಯುವ ನಲ್ಲಿಯ ಕಥೆ ಕೇಳಿ. ನಮ್ಮಲ್ಲಿ ಅದು ಇದೆ, ಹಸಿರು ಬೋರ್ಡೂ ಇದೆ. ಮೇಡಂ ನನ್ನನ್ನೇ ಸುಣ್ಣ ಕಲಸುವ ತೊಟ್ಟಿ ಹತ್ತಿರ ನಿಲ್ಲಿಸಿ ಕಣ್ಣಿಗೆ ಬಟ್ಟೆ ಕಟ್ಟಿದರು. ‘ಕಣ್ಣಿಗೆ ಸುಣ್ಣ ಬಿತ್ತು. ನಲ್ಲಿಗೆ ಹೋಗಿ.’ 10 ಸೆಕೆಂಡಿನೊಳಗೆ ಮುಟ್ಟುವಷ್ಟು ಹತ್ತಿರ ಇರಬೇಕು ಅನ್ನುವುದು ನಿಯಮ. ನನ್ನ ಮನೆಯಂಥ ಜಾಗ, ಕಣ್ಣು ಮುಚ್ಚಿ ಹೋಗ್ತೀನಿ ಅಂದುಕೊಂಡೆ. ಐದು ಹೆಜ್ಜೆಗೆ ಮರದ ಪ್ಯಾಲೆಟ್‌ಗಳ ರಾಶಿಗೆ ಮೊಣಕಾಲು ಹೊಡೆಯಿತು. ಬಳಸಿಕೊಂಡು ಹೋಗುವಾಗ ಕೈಗಾಡಿ ಸಿಕ್ಕಿತು. ನಲ್ಲಿ ಮುಟ್ಟುವಷ್ಟರಲ್ಲಿ 48 ಸೆಕೆಂಡ್. ತಿರುಗಿಸಿದರೆ ಮೊದಲು ಬಂದದ್ದು ತುಕ್ಕು ನೀರು. ಸುಣ್ಣ ಆಸಿಡ್‌ಗಿಂತ ಕಳ್ಳ, ಕಣ್ಣಿನ ಒಳಗೊಳಗೇ ಇಳಿಯುತ್ತಾ ಸುಡುತ್ತದೆ. ಅದಕ್ಕೇ ರೆಪ್ಪೆ ಬಿಡಿಸಿ ಹಿಡಿದು ಕಮ್ಮಿ ಅಂದರೂ 15 ನಿಮಿಷ ನೀರು ಬಿಡಬೇಕು. ಎದುರಿಗೆ ಆಸಿಡ್ ಹಾಕಿ ಸರಿಮಾಡುತ್ತೇನೆ ಅನ್ನುವ ಬುದ್ಧಿವಂತಿಕೆ ಬೇಡವೇ ಬೇಡ.

ಯಂತ್ರಗಳ ಭಾಗ ತೆಳು. ಹುಡುಗ ಒಳ್ಳೆಯವನೇ, ಆದರೆ ಚರ್ಮಕ್ಕಂಟಿದ ಮಾಂಸ ಕೆರೆಯುವ ಫ್ಲೆಷಿಂಗ್ ಮಿಷಿನ್ ಮುಂದೆ ನಿಂತು ಕೆಲಸ ಮಾಡಿದವನಲ್ಲ ಅಂತ ಎರಡು ಮಾತಿಗೇ ಗೊತ್ತಾಯ್ತು. ಕಾಗದ ನೋಡಿ ಓದಿದ. ಡ್ರಮ್ಮಿನೊಳಗೆ ಇಳಿಯುವ ಮುಂಚೆ ಕರೆಂಟ್ ತೆಗೆದು, ಬೀಗ ಹಾಕಿ, ಕೀಲಿ ಇಳಿಯುವವನ ಜೇಬಿನಲ್ಲೇ ಇರಬೇಕು ಅನ್ನುವುದನ್ನು ಸರಿಯಾಗಿ ಹೇಳಿದ. ತಿರುಗುವ ಡ್ರಮ್ಮಿಗೆ ಕಟಕಟೆ ಬೇಕು ಅಂದ, ಅದೂ ಸರಿ. ಕ್ರೋಮ್ ಡ್ರಮ್ ನಿಮಿಷಕ್ಕೆ 8ರಿಂದ 12 ಸುತ್ತು ಅಷ್ಟೇ ತಿರುಗುವುದು, ನೋಡಲು ನಿಧಾನ. ಬಾಗಿಲಿನ ಬೋಲ್ಟಿಗೆ ಅಂಗಿ ಸಿಕ್ಕಿದರೆ ಮಾತ್ರ ಆ ನಿಧಾನಕ್ಕೆ ಬೆಲೆ ಇಲ್ಲ. ಆದರೆ ಚರ್ಮವನ್ನು ಒಂದೇ ದಪ್ಪಕ್ಕೆ ಹೆರೆಯುವ ಶೇವಿಂಗ್ ಮಿಷಿನ್ ವಿಷಯದಲ್ಲಿ ನಮ್ಮ ಆಪರೇಟರ್ ಅಣ್ಣನೇ ಅವನನ್ನು ಎರಡು ಸಲ ತಿದ್ದಿದರು. ಮಿಷಿನ್ ಎದುರಿಗಿರುವ ಸುರಕ್ಷತಾ ಅಡ್ಡಪಟ್ಟಿಯನ್ನು ಪಾಳಿ ಶುರುವಿಗೆ ಒಂದು ಸಲ ಒತ್ತಿ ನೋಡಬೇಕು, ರೋಲರ್ ಹಿಂದಕ್ಕೆ ಹೋಗದಿದ್ದರೆ ಆ ದಿನ ಮಿಷಿನ್ ಮುಟ್ಟಬಾರದು ಅನ್ನುವ ಮಾತು ಅವರ ಬಾಯಿಂದ ಬಂತು, ತರಬೇತುದಾರನ ಬಾಯಿಂದಲ್ಲ. ಚರ್ಮ ಉಜ್ಜಿ ನಯ ಮಾಡುವಾಗ ಏಳುವ ಬಫಿಂಗ್ ಧೂಳಿಗೆ ಐದೇ ನಿಮಿಷ ಕೊಟ್ಟರು. ಚರ್ಮದ ಧೂಳು ಮೂಗಿನ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಖಚಿತವಾಗಿ ಹೇಳಿರುವಾಗ ಐದು ನಿಮಿಷ ಸಾಲದು. ಭಾರ ಎತ್ತುವುದಂತೂ ಚಿತ್ರ ತೋರಿಸಿ ಮುಗಿಸಿದರು. ಬೆನ್ನು ನೆಟ್ಟಗೆ, ಮೊಣಕಾಲು ಬಾಗಿಸಿ. ಚಿತ್ರದಲ್ಲಿ ಇದ್ದದ್ದು ರಟ್ಟಿನ ಪೆಟ್ಟಿಗೆ. ಸ್ವಾಮಿ, ಒದ್ದೆ ದನದ ಚರ್ಮ 25, 30 ಕಿಲೋ ತೂಗುತ್ತದೆ. ಹಿಡಿಯಲು ಮೂಲೆ ಇಲ್ಲ, ಲೋಳೆ ಜಾರುತ್ತದೆ, ನಿಂತ ನೆಲವೂ ಜಾರುತ್ತದೆ. ಎಲ್ಲ ಅನುಕೂಲ ಇದ್ದಾಗಲೇ ಒಬ್ಬನಿಗೆ 23 ಕಿಲೋ ಸಾಕು ಅಂತ ಅವರದೇ ಕಾಗದದಲ್ಲಿತ್ತು. ಇಬ್ಬರು ಕೊಕ್ಕೆ ಹಾಕಿ ಎಳೆಯುವುದನ್ನು ನೆಲದ ಮೇಲೆ ಮಾಡಿ ತೋರಿಸಿದ್ದರೆ ಆಗುತ್ತಿತ್ತು.

ನನ್ನ ದೊಡ್ಡ ಸಿಟ್ಟು ಬೇರೆ ಕಡೆ. ಗುಂಡಿ ಬಳಿಯುವವರು, ಚರಂಡಿ ತೆಗೆಯುವವರು ನಮ್ಮಲ್ಲಿ ಗುತ್ತಿಗೆಯವರು. ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಸಾಯುವ ಅಪಾಯ ಎಲ್ಲಕ್ಕಿಂತ ಜಾಸ್ತಿ ಇರುವ ಆರು ಜನ ಹೊರಗೆ, ಆಫೀಸಿನ ಇಬ್ಬರು ಗುಮಾಸ್ತರು ಒಳಗೆ. ಮೇಡಂ ಮೂರನೇ ದಿನ ಇದನ್ನು ಗಮನಿಸಿ ಗಲಾಟೆ ಮಾಡಿದ ಮೇಲೆ ಮಧ್ಯಾಹ್ನ ಎರಡು ಗಂಟೆ ಅವರನ್ನು ಕೂರಿಸಿದರು. ತಪ್ಪು ನಮ್ಮ ಆಡಳಿತದ್ದು, ಒಪ್ಪುತ್ತೇನೆ. ಆದರೆ ತರಬೇತಿ ಕೊಡುವವರು ಮೊದಲ ದಿನವೇ ‘ಗುಂಡಿಗೆ ಇಳಿಯುವವರು ಯಾರು, ಅವರು ಎಲ್ಲಿ’ ಅಂತ ಕೇಳಬೇಡವೇ? ಅರ್ಧ ಅಂಕ ಹೋಗಿದ್ದು ಇಲ್ಲೇ.

ಆ ಎರಡು ಗಂಟೆಯಲ್ಲಿ ಮೇಡಂ ಹೇಳಿದ ಒಂದು ಮಾತು ಎಲ್ಲರೂ ಬರೆದುಕೊಂಡರು. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1981ರ 155ನೇ ಒಡಂಬಡಿಕೆಯಲ್ಲಿ ಎರಡು ವಿಷಯ ಇವೆಯಂತೆ. ಜೀವಕ್ಕೆ ತಕ್ಷಣದ ದೊಡ್ಡ ಅಪಾಯ ಇದೆ ಅಂತ ಸರಿಯಾದ ಕಾರಣದಿಂದ ಅನಿಸಿ ಕೆಲಸ ಬಿಟ್ಟು ದೂರ ಸರಿದವನಿಗೆ ತೊಂದರೆ ಕೊಡಬಾರದು. ಸುರಕ್ಷತೆಯ ಖರ್ಚು ಕೆಲಸಗಾರನ ಜೇಬಿಗೆ ಬೀಳಬಾರದು. ಗುತ್ತಿಗೆಯವರಲ್ಲಿ ಒಬ್ಬ ಎದ್ದು ನಿಂತು, ‘ಹಾಗಾದ್ರೆ ನಮ್ಮ ಬೂಟಿನ ದುಡ್ಡು ಯಾಕೆ ಹಿಡಿತಾರೆ?’ ಅಂದ. ಹಾಲಿನಲ್ಲಿ ಮ್ಯಾನೇಜರೂ ಇದ್ದರು. ಉತ್ತರ ಬರಲಿಲ್ಲ. ಮುಂದಿನ ತಿಂಗಳಿಂದ ಹಿಡಿಯುವುದು ನಿಂತಿತು.

ಈಗ ಏಳು ತಿಂಗಳಾಗಿದೆ. ತರಬೇತಿ ಮುಗಿದ ಮರುದಿನ ಬರೆದಿದ್ದರೆ ಬರೀ ಹೊಗಳುತ್ತಿದ್ದೆನೇನೋ, ಅದಕ್ಕೇ ತಡೆದೆ. ನಾಲ್ಕನೇ ಡ್ರಮ್ಮಿನ ಹಿಂದೆ ಗೋಡೆ ಕಟ್ಟಿ ಎರಡು ಚರಂಡಿ ಬೇರೆ ಮಾಡಿದ್ದಾರೆ. ಸುಣ್ಣದ ನೀರು ಬೇರೆ ತೊಟ್ಟಿಗೆ ಹೋಗುತ್ತದೆ, ಅಲ್ಲಿ ಗಾಳಿ ಊದಿ ಸಲ್ಫೈಡ್ ಕಳೆದ ಮೇಲೆಯೇ ಮುಂದಕ್ಕೆ. ನಮಗೆ ನಾಲ್ಕು ಮೀಟರ್ ಬಂದಿವೆ, ಪಾಳಿಗೆ ಎರಡು. ಪ್ಯಾಂಟು ಬೂಟಿನ ಹೊರಗೆ ಉಳಿದಿದೆ. ಕೈಗವಸಿನ ಬಾಯಿ ಮಡಚುವುದು ಅರ್ಧ ಜನರಲ್ಲಿ ಉಳಿದಿದೆ. ಇಯರ್ ಪ್ಲಗ್ ಯಾರೂ ಹಾಕುವುದಿಲ್ಲ, ಅದು ಪೂರ್ತಿ ಸೋತಿದೆ. ಆರು ತಿಂಗಳಿಗೆ ಮತ್ತೆ ಬಂದು ನೋಡುತ್ತೇವೆ ಅಂದಿದ್ದರು. ಒಂದು ಫೋನ್ ಬಂತು, ‘ಎಲ್ಲ ಚೆನ್ನಾಗಿದೆಯಾ’ ಅಂತ ಕೇಳಿದರು, ಫಾರಂ ತುಂಬಿಕೊಂಡರು. ಇನ್ನೊಂದು ಅರ್ಧ ಅಂಕ ಅದಕ್ಕೆ.

ನಾಲ್ಕು ತಿಂಗಳ ಹಿಂದೆ ಹೊಸ ಹುಡುಗನೊಬ್ಬನ ಕಣ್ಣಿಗೆ ಸುಣ್ಣದ ನೀರು ಚಿಮ್ಮಿತು. ಅವನು ಕಿರುಚುತ್ತಾ ಕಣ್ಣು ಉಜ್ಜಲು ಹೋದ. ಪಕ್ಕದವನು ಎರಡೂ ಕೈ ಹಿಡಿದು ನಲ್ಲಿಗೆ ತಂದ. ದಾರಿಯಲ್ಲಿ ಪ್ಯಾಲೆಟ್ ಇರಲಿಲ್ಲ, ಈಗ ಅಲ್ಲಿ ಹಳದಿ ಗೆರೆ ಎಳೆದಿದೆ. ನಾನು ರೆಪ್ಪೆ ಬಿಡಿಸಿ ಹಿಡಿದೆ. ಮೂರು ನಿಮಿಷಕ್ಕೆ ‘ಸಾಕಣ್ಣ, ಸರಿಹೋಯ್ತು’ ಅಂದ. ಗೋಡೆ ಗಡಿಯಾರ ನೋಡಿಕೊಂಡು ಹಿಡಿದೇ ಇದ್ದೆ. 15 ನಿಮಿಷ ಅಂದರೆ ಎಷ್ಟು ಉದ್ದ ಅಂತ ಅವತ್ತು ಗೊತ್ತಾಯ್ತು. ಆಮೇಲೆ ಡಾಕ್ಟರ ಹತ್ತಿರ ಕಳಿಸಿದೆವು. ಕಣ್ಣು ಉಳಿದಿದೆ, ಈಗ ನನ್ನ ಪಾಳಿಯಲ್ಲೇ ಇದ್ದಾನೆ.

ನನ್ನ ಅಂಕ ಐದಕ್ಕೆ ನಾಲ್ಕು. ನೀವು ಕರೆಸುವುದಾದರೆ ಮೊದಲ ಅರ್ಧ ದಿನದ ಸ್ಲೈಡ್ ಬೇಡ, ಒಳಗೇ ಶುರು ಮಾಡಿ ಅಂತ ಮುಂಚೆಯೇ ಹೇಳಿ. ಯಂತ್ರದ ಭಾಗಕ್ಕೆ ಯಂತ್ರ ನಡೆಸಿದವರನ್ನೇ ಕೇಳಿ. ಹೆಸರಿನ ಪಟ್ಟಿಯಲ್ಲಿ ಗುಂಡಿ ಬಳಿಯುವವರು ಮೊದಲಿರಲಿ. ಕೈಗವಸಿನ ಅಳತೆ ಮೊದಲೇ ಕಳಿಸಿ. ರಾತ್ರಿ ಪಾಳಿಯವರಿಗೆ ಹಿಂದಿನ ದಿನ ರಜೆ ಕೊಡಿಸಿ. ಮತ್ತೆ ಆ ಮೀಟರಿನ ಸೆನ್ಸರ್ ಎಷ್ಟು ವರ್ಷ ಬರುತ್ತದೆ, ಮುಗಿದ ಮೇಲೆ ಯಾರು ತರಿಸಬೇಕು ಅಂತ ಬರಹದಲ್ಲಿ ತಗೊಳ್ಳಿ. ನಮ್ಮದು ಎರಡು ವರ್ಷ ಅಂದಿದ್ದಾರೆ, ತರಿಸುವವರು ಯಾರು ಅಂತ ಇನ್ನೂ ತೀರ್ಮಾನವಾಗಿಲ್ಲ. ನಾನು ತಾರೀಖನ್ನು ಸ್ಟೋರಿನ ಬಾಗಿಲ ಹಿಂದೆ ಬಣ್ಣದಲ್ಲಿ ಬರೆಸಿದ್ದೇನೆ. ಸ್ಟೋರ್ ಕೀಪರ್ ಬೈದ, ಅಳಿಸಿಲ್ಲ.